ಮೂಳೆ ಇಲ್ಲದ ತೊಡೆ

ಮೂಳೆ ಇಲ್ಲದ ತೊಡೆಯನ್ನು ಯಾವತ್ತಾದರೂ ಕೊಯ್ದು ನೋಡಿದ್ದೀರಾ? ಇಲ್ಲವಾದರೆ ನನ್ನ ಮಾತು ನಿಮಗೆ ಅರ್ಥವಾಗುವುದು ಸ್ವಲ್ಪ ಕಷ್ಟ. ಕೋರ್ಟಿನಲ್ಲಿ ಇದನ್ನು ಹೇಳಲು ಹೊರಟಾಗ ವಕೀಲರು, 'ಕೇಳಿದ್ದಕ್ಕಷ್ಟೇ ಉತ್ತರ ಕೊಡಿ' ಎಂದು ಬಾಯಿ ಮುಚ್ಚಿಸಿದರು. ಇಲ್ಲಿ ನನ್ನ ಬಾಯಿ ಮುಚ್ಚಿಸುವವರು ಯಾರೂ ಇಲ್ಲ, ಹೇಳಿಯೇ ಬಿಡುತ್ತೇನೆ.

ನನ್ನ ಹೆಸರು ಬೋರಯ್ಯ. ಊರು ಮಂಡ್ಯ ಸೀಮೆಯ ಬಿದರಕೊಪ್ಪಲು. ನಲವತ್ತು ವರ್ಷ ನಮ್ಮೂರ ಹೊಸತೊಡಕಿಗೆ ಗುಡ್ಡೆ ಹಾಕಿದವನು ನಾನು. ಯುಗಾದಿಯ ಮಾರನೆಯ ದಿನ ಊರವರೆಲ್ಲ ಸೇರಿ ಕುರಿ ಕುಯ್ದು ಮನೆಗೊಂದು ಗುಡ್ಡೆ ಹಂಚಿಕೊಳ್ಳುತ್ತೇವೆ. ಪ್ರತಿ ಗುಡ್ಡೆಯಲ್ಲೂ ತೊಡೆ, ಪಕ್ಕೆ, ಈಲಿ, ಬೋಟಿ, ತಲೆಮಾಂಸ ಎಲ್ಲವೂ ಒಂದೇ ಸಮ ಬೀಳಬೇಕು. ತಕ್ಕಡಿ ಇಲ್ಲ, ನನ್ನ ಕೈಯೇ ತಕ್ಕಡಿ. ಗುಡ್ಡೆ ಹಾಕಿದ ಮೇಲೆ ಮನೆಗೊಂದರಂತೆ ಕಡ್ಡಿ, ಗುಂಡಿ, ಎಲೆ, ಕಲ್ಲು ಏನಾದರೂ ಗುರುತು ತಂದು ಕಣ್ಣು ಕಾಣದ ಸಿದ್ದಮ್ಮಜ್ಜಿಯ ಮಡಿಲಿಗೆ ಹಾಕುತ್ತಾರೆ. ಅವಳು ತಡವಿ ತಡವಿ ಗುಡ್ಡೆಗೊಂದು ಗುರುತು ಇಡುತ್ತಾಳೆ. ಯಾರ ಗುರುತು ಎಲ್ಲಿ ಬಿತ್ತೋ ಅದು ಅವರ ಪಾಲು. ಆಮೇಲೆ ಒಬ್ಬರೂ ತಕರಾರು ಎತ್ತುವಂತಿಲ್ಲ.

ಇನ್ನೊಂದು ಕಟ್ಟುಪಾಡಿದೆ. ಗುಡ್ಡೆ ಹಾಕುವವನ ರಕ್ತ ಬಾಡಿನ, ಅಂದರೆ ಮಾಂಸದ, ಮೇಲೆ ಬಿದ್ದರೆ ಅಷ್ಟನ್ನೂ ಹೂಳಬೇಕು. ಅವನು ಮತ್ತೆಂದೂ ಕತ್ತಿ ಹಿಡಿಯಬಾರದು. ನಮ್ಮಪ್ಪ ಹಾಗೆಯೇ ಕತ್ತಿ ಕೆಳಗಿಟ್ಟವನು. ನಾನು ಮಾತ್ರ ನಲವತ್ತು ವರ್ಷದಲ್ಲಿ ಒಂದು ಗೀರೂ ಮಾಡಿಕೊಂಡಿರಲಿಲ್ಲ. ಊರಿನಲ್ಲಿ ಇದು ಗಾದೆಯಾಗುವಷ್ಟು ಹೆಸರಾಗಿತ್ತು, ನನಗೂ ಅದರ ಕೊಬ್ಬಿತ್ತು. ಆ ನಲವತ್ತು ವರ್ಷವೂ ಕುರಿಯ ಕಾಲು ಹಿಡಿದವನು ಜವರ. ಅವನು ಹಿಡಿಯಬೇಕು, ನಾನು ಕುಯ್ಯಬೇಕು. ಬೇರೆ ಯಾರ ಹಿಡಿತವೂ ನನಗೆ ಒಗ್ಗುತ್ತಿರಲಿಲ್ಲ.

ಆಮೇಲೆ ಕುರಿಜ್ವರ ಬಂತು. ಮೊದಲು ಕುರಿ ಸತ್ತವು, ಆಮೇಲೆ ಕುರಿ ಕಾಯುವವರು ಸತ್ತರು. ನಮ್ಮೂರಲ್ಲೇ ಹದಿನೇಳು ಜನ. ಜವರನ ತಮ್ಮ ಚಲುವನನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದರು, ಹೆಣ ವಾಪಸು ಬರಲಿಲ್ಲ. ಸೋಂಕು ಹರಡುತ್ತದೆಂದು ಅವರೇ ಸುಟ್ಟರಂತೆ. ಜವರನ ಕೈಗೆ ಒಂದು ನಂಬರು ಬರೆದ ಚೀಟಿ ಕೊಟ್ಟರು. ಅದನ್ನು ಅವನು ದೇವರ ಗೂಡಿನಲ್ಲಿ ಇಟ್ಟುಕೊಂಡಿದ್ದ. ಸರ್ಕಾರ ದೇಶದಲ್ಲಿ ಯಾವ ಪ್ರಾಣಿಯನ್ನೂ ಕುಯ್ಯಬಾರದೆಂದು ಕಾನೂನು ಮಾಡಿತು. ಐದು ವರ್ಷ ನಮ್ಮೂರಲ್ಲಿ ಗುಡ್ಡೆ ಬೀಳಲಿಲ್ಲ.

ಆ ಐದು ವರ್ಷದಲ್ಲಿ ನಾಲೆಯ ಆಚೆ ಬಾಡು ಬೆಳೆಯುವ ಕಾರ್ಖಾನೆ ಎದ್ದಿತು. ನಮ್ಮ ಜನ ಅದನ್ನು ತೊಟ್ಟಿ ಎಂದರು, ಅಲ್ಲಿ ಬೆಳೆದದ್ದನ್ನು ತೊಟ್ಟಿಬಾಡು ಎಂದರು. ಅಲ್ಲಿಯ ಕಂಟ್ರೋಲ್ ರೂಮಿನಲ್ಲಿ ಕೂರುವವಳು ನನ್ನ ತಂಗಿಯ ಮಗಳು ಸಿಂಚನ. ನಾಲ್ಕು ವರ್ಷದ ಮಗುವಾಗಿದ್ದಾಗ ತಾಯಿ ಹೋದಳು. ನಾನು, ನನ್ನ ಹೆಂಡತಿ ಸಾಕಮ್ಮ ಸಾಕಿದೆವು. ನಮಗೆ ಬೇರೆ ಮಕ್ಕಳಿಲ್ಲ.

ಒಂದು ದಿನ ನನ್ನನ್ನೂ ಜವರನನ್ನೂ ಒಳಗೆ ಕರೆದುಕೊಂಡು ಹೋಗಿ ತೋರಿಸಿದಳು. ಆಳೆತ್ತರದ ಉಕ್ಕಿನ ತೊಟ್ಟಿಗಳು. ಬದುಕಿರುವ ಟಗರಿನ ತೊಡೆಯಿಂದ ಅಕ್ಕಿಕಾಳಿನಷ್ಟು ಮಾಂಸ ಕಿತ್ತು, ಅದರ ಜೀವಕೋಶಗಳನ್ನು ಸಕ್ಕರೆ, ಉಪ್ಪು, ಬೇಳೆಯ ಸಾರಗಳಿರುವ ನೀರಿನಲ್ಲಿ ಬಿಡುತ್ತಾರೆ. ಕುರಿಯ ಮೈಯಷ್ಟೇ ಬಿಸಿ ಇಡಬೇಕು. ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತವೆ. ಆಮೇಲೆ ನಾರಿನ ಚೌಕಟ್ಟಿಗೆ ಅಂಟಿಸಿ ಸಣ್ಣಗೆ ಕರೆಂಟು ಮುಟ್ಟಿಸುತ್ತಾರೆ. ಅದಕ್ಕೆ ಮಾಂಸ ಅದುರಿ ಅದುರಿ ಗಟ್ಟಿಯಾಗುತ್ತದೆ.

"ಟಗರು ಏನಾಯ್ತವ್ವ?" ಎಂದು ಜವರ ಕೇಳಿದ.

"ಹಿಂದ್ಗಡೆ ಕೊಟ್ಟಿಗೇಲಿ ಹುಲ್ಲು ಮೇಯ್ತಾ ಅದೆ ಮಾವ. ಬೇಕಾದ್ರೆ ಮಾತಾಡ್ಸ್ಕೊಂಡ್ ಬಾ."

ಜವರ ನಗಲಿಲ್ಲ. ಗಾಜಿಗೆ ಮೂಗು ತಾಗಿಸಿಕೊಂಡು ತೊಟ್ಟಿಯೊಳಗೆ ಅದುರುವುದನ್ನೇ ನೋಡುತ್ತಿದ್ದ.

ಕಂಪನಿಯವರು ಸಿಂಚನಳ ಕೈಗೆ ಪ್ರಶ್ನೆಪಟ್ಟಿ ಕೊಟ್ಟು ಮನೆಮನೆಗೆ ಕಳಿಸಿದ್ದರು. 'ತೊಟ್ಟಿಯಲ್ಲಿ ಬೆಳೆದ ಮಾಂಸ ತಿನ್ನುವಿರಾ? ತಿನ್ನುತ್ತೇನೆ, ಒಮ್ಮೆ ರುಚಿ ನೋಡುತ್ತೇನೆ, ಎಂದಿಗೂ ಇಲ್ಲ. ಕಾರಣ ತಿಳಿಸಿ.' ನಮ್ಮ ಜನ ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು. ಉಸಿರಾಡದೆ ಇದ್ದದ್ದು ಬಾಡು ಹೆಂಗಾಯ್ತದೆ ಎಂದ ಒಬ್ಬ. ಊರಮ್ಮನಿಗೆ ಎಡೆ ಇಡುವುದಕ್ಕಾಗುತ್ತದೆಯೇ ಎಂದಳು ಇನ್ನೊಬ್ಬಳು. ಹುಟ್ಟಿದಾರಭ್ಯ ಸಸ್ಯಾಹಾರಿಯಾದ ನಮ್ಮ ಮೇಷ್ಟ್ರು, ಜೀವಹಿಂಸೆ ಇಲ್ಲದ ಮೇಲೆ ನಾನೂ ತಿನ್ನಬಹುದೇನೋ, ಮನೆಯಲ್ಲಿ ಮಾತ್ರ ಹೇಳಬೇಡ ತಾಯಿ ಎಂದರು. ಜವರ ಒಂದೇ ಮಾತು ಬರೆಸಿದ: "ಅದು ಯಾರ ಬಾಡು ಅಂತ ಯಾರ್ಗೊತ್ತು."

ಯಾಕೆಂದರೆ ಆಗಲೇ ಫೋನುಗಳಲ್ಲಿ ಒಂದು ಸುದ್ದಿ ಓಡಾಡುತ್ತಿತ್ತು. ಜ್ವರದಲ್ಲಿ ಸತ್ತವರ ಹೆಣಗಳನ್ನು ಸುಟ್ಟಿಲ್ಲ, ತೊಟ್ಟಿಗೆ ಹಾಕಿದ್ದಾರೆ ಎಂದು.

ಯುಗಾದಿಗೆ ವಾರವಿರುವಾಗ ಸಿಂಚನ ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಮಾವ, ಈ ಸಲ ನೀನು ಗುಡ್ಡೆ ಹಾಕು. ನೀನ್ ಹಾಕಿದ್ರೆ ಊರು ತಿಂತದೆ. ಪಕ್ಕದೂರ್ನೋರೇ ತಿನ್ನಲ್ಲ ಅಂದ್ರೆ ತೊಟ್ಟಿ ಮುಚ್ತೀವಿ ಅಂತ ಕಂಪನಿಯೋರು ಕೂತವ್ರೆ."

"ಈಲಿ ಇಲ್ಲ, ಬೋಟಿ ಇಲ್ಲ, ಮೂಳೆ ಇಲ್ಲ. ಗುಡ್ಡೆ ಏನಂತ ಹಾಕ್ಲಿ? ಕಳ್ಳೆಪುರಿ ಹಂಚ್ದಂಗೆ ಹಂಚ್ಲಾ?"

"ತೊಡೆ ತರ ಅಚ್ಚು ಮಾಡ್ಸಿದೀನಿ ಮಾವ. ನೋಡಕ್ಕೆ ಟಗರು ತೊಡೇನೇ. ನಿಂಗೋಸ್ಕರ."

ನನಗೋಸ್ಕರ ಎಂದಮೇಲೆ ಮುಗಿಯಿತು. ಆ ಹುಡುಗಿಯ ಮಾತಿಗೆ ನಾನು ಯಾವತ್ತೂ ಇಲ್ಲವೆಂದವನಲ್ಲ. ಹೊಸತೊಡಕಿನ ಬೆಳಗ್ಗೆ ಅರಳಿಕಟ್ಟೆಯ ಹತ್ತಿರ ಕಂಪನಿಯ ವ್ಯಾನು ಬಂದು ನಿಂತಿತು. ಡ್ರೈವರು ಮುನಿವೆಂಕಟ ಕೋಲಾರದ ಕಡೆಯವನು, ಬಡಪಾಯಿ. ಬಾಳೆಲೆಯ ಮೇಲೆ ಇಪ್ಪತ್ತು ತೊಡೆ ಇಳಿಸಿದ. ಮೊಣಕಾಲಿನ ತಿರುವು, ಮೇಲಿನ ಕೊಬ್ಬು, ಎಲ್ಲವೂ ಥೇಟ್ ಟಗರಿನದರಂತೆಯೇ ಇತ್ತು. ಅರವತ್ತೆರಡು ಮನೆಯವರು ಸುತ್ತ ನಿಂತಿದ್ದರು. ಹಿಡಿಯುವುದಕ್ಕೆ ಕಾಲಿಲ್ಲದೆ ಜವರ ಸುಮ್ಮನೆ ನನ್ನ ಪಕ್ಕ ಕೂತ.

ಈಗ ಕೇಳಿ. ತೊಡೆ ಕೊಯ್ಯುವಾಗ ನಾನು ಕಣ್ಣಿನಿಂದ ನೋಡುವುದಿಲ್ಲ. ಎಡಗೈಯಲ್ಲಿ ತೊಡೆ ಹಿಡಿದು, ಕತ್ತಿಯನ್ನು ಮೂಳೆ ಸಿಗುವವರೆಗೆ ಇಳಿಸಿ, ಅದರ ಗುಂಟ ಎಳೆಯುತ್ತೇನೆ. ಮೂಳೆಯೇ ಕತ್ತಿಗೆ ದಾರಿ, ಮೂಳೆಯೇ ತಡೆ. ಮೊದಲ ಎಂಟು ತೊಡೆಗಳನ್ನು ಎಚ್ಚರದಿಂದ ಕೊಯ್ದೆ. ಒಂಬತ್ತನೆಯದಕ್ಕೆ ಯಾರೋ ತಮಾಷೆ ಮಾಡಿದರು, ನಾನೂ ನಕ್ಕೆ. ಕೈಗೆ ಹಳೆಯ ಅಭ್ಯಾಸ ಬಂತು. ಕತ್ತಿ ಮೂಳೆ ಹುಡುಕಿಕೊಂಡು ಇಳಿಯಿತು, ಅಲ್ಲಿ ಮೂಳೆ ಇರಲಿಲ್ಲ. ಅಷ್ಟು ತೊಡೆಯನ್ನೂ ದಾಟಿ ಕೆಳಗಿದ್ದ ನನ್ನ ಎಡಗೈಯ ತೋರುಬೆರಳಿಗೆ ಹೊಕ್ಕಿತು.

ಯಾರೂ ನೋಡಲಿಲ್ಲ. ಬೆರಳನ್ನು ಮಡಚಿ ಬಾಡಿನೊಳಗೇ ಒತ್ತಿ ಹಿಡಿದೆ. ಹೇಳಬೇಕಿತ್ತು. ಹೇಳಿದರೆ ಅಷ್ಟೂ ಬಾಡು ಮಣ್ಣುಪಾಲು, ಸಿಂಚನಳ ತೊಟ್ಟಿ ಮುಚ್ಚುತ್ತದೆ, ನನ್ನ ಕತ್ತಿ ಹೋಗುತ್ತದೆ. ಮೂರರಲ್ಲಿ ಯಾವುದಕ್ಕೆ ಹೆಚ್ಚು ಹೆದರಿದೆ ಎಂದು ಕೇಳಿದರೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಕತ್ತಿಗೆ. ಎಲೆಯಡಿಕೆಯ ಸುಣ್ಣ ಮೆತ್ತಿಕೊಂಡು ಉಳಿದದ್ದನ್ನೂ ಕೊಯ್ದು ಗುಡ್ಡೆ ಹಾಕಿ ಮನೆಗೆ ಹೋದೆ.

ಸಾಕಮ್ಮ ನೋಡಿದ ತಕ್ಷಣ ಹಿಡಿದಳು. "ಏನದು ಕೈ ಮಡಚ್ಕೊಂಡಿರಾದು? ಬುಡಿ ನೋಡಾಣ." ಅರಿಶಿನ ಹಾಕಿ ಬಟ್ಟೆ ಕಟ್ಟುತ್ತಾ ಬೈದಳು. "ಈಗ್ಲೇ ಓಗಿ ಯೋಳ್ಬುಡಿ. ಒಬ್ರ ಬಾಯ್ಗೂ ಓಗಿಲ್ಲ ಇನ್ನೂ."

"ಸುಮ್ಕಿರು. ಬೇಯ್ಸದ್ರೆ ಏನೂ ಆಗಲ್ಲ."

"ನಿಮ್ ಜಂಬಕ್ಕೆ ಬೆಂಕಿ ಬೀಳ" ಎಂದು ನಮ್ಮ ಪಾಲಿನ ಗುಡ್ಡೆಯನ್ನು ಬೇಯಿಸದೆ ಮೂಲೆಗೆ ತಳ್ಳಿದಳು.

ಮಧ್ಯಾಹ್ನದ ಹೊತ್ತಿಗೆ ಜವರ ಬಂದ. ಬಾಯಿ ಒರೆಸಿಕೊಳ್ಳುತ್ತಾ ಜಗಲಿಯ ಮೇಲೆ ಕೂತು, ಐದು ವರ್ಷದಲ್ಲಿ ಮೊದಲ ಸಲ ನಕ್ಕ. "ಚೆನ್ನಾಗೈತೆ ಕಣ್ಲಾ. ಎರಡ್ ಸಲ ಬಡಿಸ್ಕೊಂಡೆ. ಮೂಳೆ ಚೀಪಕ್ಕಿಲ್ಲ ಅನ್ನೋದೊಂದೇ."

ಅವನು ಮಾತು ಮುಗಿಸುವಷ್ಟರಲ್ಲಿ ಅವನ ಸೊಸೆ ಬೀದಿಯಲ್ಲಿ ಕಿರುಚಿಕೊಂಡು ಬಂದಳು. ಕೈಯಲ್ಲಿ ಗುರುತುಪಟ್ಟಿ ಇತ್ತು. ಕದ್ದು ಕುರಿ ಕುಯ್ಯುವವರನ್ನು ಹಿಡಿಯಲೆಂದು ಸರ್ಕಾರ ಮನೆಮನೆಗೂ ಕೊಟ್ಟಿದ್ದ ಕಾಗದದ ಪಟ್ಟಿ ಅದು. ಹಸಿ ಬಾಡಿನ ರಸಕ್ಕೆ ಅದ್ದಿದರೆ ತೊಟ್ಟಿಯದಕ್ಕೆ ಹಸಿರು ಗೆರೆ, ಕುಯ್ದ ಕುರಿಯದಕ್ಕೆ ಕೆಂಪು ಗೆರೆ ಬರುತ್ತದೆ. ಫೋನಿನ ಸುದ್ದಿ ಹಬ್ಬಿದ ಮೇಲೆ ಮನುಷ್ಯನದಕ್ಕೆ ಕಪ್ಪು ಗೆರೆಯನ್ನೂ ಸೇರಿಸಿದ್ದರು. ಬರಿಗೈ ಮುಟ್ಟಿದರೆ ಅದು ಬರುವುದಿಲ್ಲ, ರಕ್ತ ಬೇಕು. ಅವಳು ಮಿಕ್ಕಿದ್ದ ಹಸಿ ತುಂಡಿಗೆ ಸುಮ್ಮನೆ ಅದ್ದಿ ನೋಡಿದ್ದಳು. ಹಸಿರಿನ ಪಕ್ಕದಲ್ಲಿ ಕಪ್ಪು ಗೆರೆ ಎದ್ದಿತ್ತು.

ಜವರ ಆ ಪಟ್ಟಿಯನ್ನು ನೋಡಿದ. ಜಗಲಿಯಿಂದ ಇಳಿದು ಚರಂಡಿಯ ಪಕ್ಕ ಮಂಡಿಯೂರಿ, ಗಂಟಲಿಗೆ ಬೆರಳು ತುರುಕಿಕೊಂಡು ವಾಂತಿ ಮಾಡಿದ. ಹೊಟ್ಟೆ ಬರಿದಾದರೂ ಬಿಡಲಿಲ್ಲ, ಕೊನೆಗೆ ರಕ್ತ ಬಂತು. "ಚಲುವನ್ನ ತಿನ್ಸುಬುಟ್ರು ಕಣ್ಲಾ" ಎಂದ. "ನನ್ ತಮ್ಮನ್ನ ನಂಗೇ ತಿನ್ಸುಬುಟ್ರು."

ಆಗ ಹೇಳಬೇಕಿತ್ತು. ಎರಡನೆಯ ಸಲ ಬಾಯಿ ಕಟ್ಟಿತು. ಊರೆಲ್ಲ ಪಟ್ಟಿ ಅದ್ದಿ ನೋಡಿದರು. ಒಂಬತ್ತು ಗುಡ್ಡೆಗಳಲ್ಲಿ ಕಪ್ಪು ಗೆರೆ ಬಂತು. ಅರ್ಧ ಗಂಟೆಯಲ್ಲಿ ಕಟ್ಟೆಯ ಹತ್ತಿರ ಮಚ್ಚು, ಗುದ್ದಲಿ ಕಾವು, ಹಾರೆಗಳು ಸೇರಿದವು. ಮುನಿವೆಂಕಟ ವ್ಯಾನಿನ ನೆರಳಿನಲ್ಲಿ ಒಬ್ಬಟ್ಟು ತಿನ್ನುತ್ತಾ ಕೂತಿದ್ದ. ಕಾಲರು ಹಿಡಿದು ಎಳೆದರು. "ಅಣ್ಣಾ, ನಾ ಗಾಡಿ ಓಡ್ಸೋನು ಅಷ್ಟೇ, ನಂಗೇನೂ ಗೊತ್ತಿಲ್ಲಣ್ಣಾ" ಅನ್ನುತ್ತಿದ್ದ. ಹಾರೆಯಿಂದ ಬಲ ಮಂಡಿ ಒಡೆದರು. ಆ ಸದ್ದು ನನಗೆ ಗೊತ್ತಿದ್ದ ಸದ್ದೇ, ಗುಡ್ಡೆಗೆ ಮೂಳೆ ಒಡೆಯುವಾಗ ಬರುವಂಥದು. ಆಮೇಲೆ ಎಡ ಮಂಡಿ. ಅವನು ತೆವಳುತ್ತಿರುವಾಗಲೇ ವ್ಯಾನಿಗೆ ಬೆಂಕಿ ಹಚ್ಚಿದರು. ನಾನು ಗುಂಪಿನ ಹಿಂದೆ ಕೈ ಮಡಚಿಕೊಂಡು ನಿಂತಿದ್ದೆ. ಒಂದು ಮಾತಿಗೆ ಎರಡು ಕಾಲು ಉಳಿಯುತ್ತಿದ್ದವು, ನಾನು ಆಡಲಿಲ್ಲ.

"ತೊಟ್ಟಿಗೆ ನಡೀರಿ" ಎಂದು ಜವರ ಕೂಗಿದ. "ಅವ್ಳು ನಮ್ಮೂರ ಎಣ್ಣಾಗಿ ನಮಗೇ ಇಂಗೆ ಮಾಡವ್ಳೆ. ಅವಳ್ನ ಅದೇ ತೊಟ್ಟಿಗಾಕ್ತೀನಿ."

ನನ್ನ ಕಾಲಿಗೆ ಆಗ ಜೀವ ಬಂತು. ಮನೆಗೆ ಓಡಿದೆ. ಸಾಕಮ್ಮ ಆಗಲೇ ಬಾಗಿಲಲ್ಲಿ ನಿಂತಿದ್ದಳು. ನಮ್ಮ ಪಾಲಿನ ಬಾಡಿಗೂ ಕಪ್ಪು ಗೆರೆ ಬಂದಿತ್ತು, ಅದರಿಂದ ಒಂದು ತುಂಡನ್ನು ಬಾಳೆಲೆಯಲ್ಲಿ ಸುತ್ತಿ ನನ್ನ ಕೈಗೆ ತುರುಕಿದಳು. "ಇದನ್ನ ಮಗೀಗ್ ಕೊಡಿ. ಅವ್ಳಿಗ್ಗೊತ್ತಾಯ್ತದೆ. ಮಗೀಗ್ ಏನಾರ ಆದ್ರೆ ನೀವು ಈ ಮನೆ ಒಸಲು ತುಳೀಬೇಡಿ."

ಗುಂಪು ಟ್ರಾಕ್ಟರು ಹತ್ತಿ ದೊಡ್ಡ ರಸ್ತೆಯಲ್ಲಿ ಹೊರಟಿತು. ನಾನು ಮೊಪೆಡ್ ಹತ್ತಿ ನಾಲೆ ಏರಿಯ ಅಡ್ಡದಾರಿ ಹಿಡಿದೆ. ಸೊಂಟದಲ್ಲಿ ಬೆಳಗಿನ ಕತ್ತಿ ಹಾಗೇ ಇತ್ತು.

ಕಾರ್ಖಾನೆಯ ಕಾವಲುಗಾರ ಆಗಲೇ ಓಡಿಹೋಗಿದ್ದ. ಕಂಟ್ರೋಲ್ ರೂಮಿನಲ್ಲಿ ಸಿಂಚನ ಫೋನು ಕಿವಿಗೆ ಹಿಡಿದು ನಿಂತಿದ್ದಳು. ಪೊಲೀಸರು ಬರಲು ಮುಕ್ಕಾಲು ಗಂಟೆಯಂತೆ. ಒಳಗೆ ಇನ್ನೂ ಐದು ಜನ ಕೆಲಸದ ಹೆಣ್ಣುಮಕ್ಕಳು ಬೆವರುತ್ತಾ ಕೂತಿದ್ದರು. ನಾನು ಬಾಳೆಲೆಯ ಪೊಟ್ಟಣ ಅವಳ ಕೈಗಿಟ್ಟು ಬೆರಳು ಬಿಚ್ಚಿ ತೋರಿಸಿದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೆರಳನ್ನೇ ನೋಡಿ, "ಅಚ್ಚು ಮಾಡ್ಸಿದ್ದು ನಾನೇ" ಎಂದಳು. ಆಮೇಲೆ ಬೇಗಬೇಗ ಹೇಳಿದಳು, "ಪಟ್ಟಿ ಮನುಷ್ಯಂದು ಅಂತ ಮಾತ್ರ ಯೋಳ್ತದೆ, ಯಾವ ಮನುಷ್ಯ ಅಂತ ಯೋಳಲ್ಲ. ಇಲ್ಲಿರೋ ಮಿಷನ್ ಯೋಳ್ತದೆ. ಬಾಡಲ್ಲಿರೋ ರಕ್ತಕ್ಕೂ ನಿನ್ ರಕ್ತಕ್ಕೂ ಹೋಲ್ಸಿ ನೋಡ್ತದೆ. ಇಪ್ಪತ್ತು ನಿಮಿಷ ಬೇಕು ಮಾವ."

"ಹಿಂದ್ಲಿಂದ ಓಡೋಗು ಮಗ."

"ಓಡ್ದ್ರೆ ನಿಜ ಅಂತಾರೆ. ಇವ್ರೆಲ್ಲ ಬ್ಯಾರೆ ಅವ್ರೆ. ಇಪ್ಪತ್ತೇ ನಿಮಿಷ."

ನನ್ನ ಬೆರಳನ್ನು ಹಿಂಡಿ ಒಂದು ತೊಟ್ಟು ತೆಗೆದುಕೊಂಡಳು. ಒಳಗೆ ಏನು ನಡೆಯುತ್ತದೆಂದು ಜನ ನೋಡಲಿ ಎಂದು ಗೇಟಿನ ಮೇಲೆ ಕಂಪನಿಯವರು ದೊಡ್ಡ ಪರದೆ ಹಾಕಿದ್ದರು. ಫಲಿತಾಂಶವನ್ನು ಅದರ ಮೇಲೆಯೇ ಬರಿಸುತ್ತೇನೆ ಎಂದಳು. ನಾನು ಗೇಟಿಗೆ ಹೋದೆ. ದೊಡ್ಡ ಗೇಟಿಗೆ ಬೀಗವಿತ್ತು. ಪಕ್ಕದಲ್ಲಿ ಒಬ್ಬರು ಮಾತ್ರ ನುಗ್ಗಬಹುದಾದ ಕಿರುಬಾಗಿಲು, ಅದರ ಚಿಲಕ ಮುರಿದಿತ್ತು. ಅಲ್ಲಿ ನಿಂತೆ.

ಟ್ರಾಕ್ಟರುಗಳು ಬಂದವು. ನಾನು ಬೆರಳೆತ್ತಿ ಹಿಡಿದು ಕೂಗಿದೆ, "ರಕ್ತ ನಂದು. ಗುಡ್ಡೆ ಹಾಕ್ವಾಗ ಕೈ ಕುಯ್ಕೊಂಡೆ. ಮಗೀದು ಏನೂ ತಪ್ಪಿಲ್ಲ."

ಜನ ನಕ್ಕರು. ಆ ನಗು ಇವತ್ತಿಗೂ ಕಿವಿಯಲ್ಲಿದೆ. "ಬೋರಣ್ಣ ಕೈ ಕುಯ್ಕೊಂಡನಂತೆ. ನಲವತ್ತು ವರ್ಸದಲ್ಲಿ ಇಲ್ಲದ್ದು ಇವತ್ತೇ ಆಯ್ತಂತೆ." ಇನ್ನೊಬ್ಬ, "ಮಗಳನ್ನ ಉಳಿಸ್ಕಳಕ್ಕೆ ಈಗ ಕುಯ್ಕೊಂಡವ್ನೆ ಮುದ್ಕ" ಎಂದ. ನಾನು ನಲವತ್ತು ವರ್ಷ ಕಟ್ಟಿಕೊಂಡ ಹೆಸರೇ ನನ್ನ ಬಾಯಿ ಮುಚ್ಚಿಸಿತು.

ಕಲ್ಲು ಬಿದ್ದವು. ಒಂದು ಹುಬ್ಬಿನ ಮೇಲೆ ಬಿತ್ತು, ಒಂದು ಕಣ್ಣು ರಕ್ತದಿಂದ ಮುಚ್ಚಿತು. ಕಿರುಬಾಗಿಲಿಗೆ ಮೊದಲು ನುಗ್ಗಿದವನ ಮಣಿಕಟ್ಟಿಗೆ ಕತ್ತಿಯ ಬೆನ್ನಿನಿಂದ ಹೊಡೆದೆ. ಅವನು ಕೈ ಹಿಡಿದುಕೊಂಡು ಹಿಂದೆ ಬಿದ್ದ. ಎರಡನೆಯವನು ಗುದ್ದಲಿ ಕಾವಿನಿಂದ ನನ್ನ ಪಕ್ಕೆಗೆ ಕೊಟ್ಟ. ಎರಡು ಪಕ್ಕೆಲುಬು ಹೋದದ್ದು ನನಗೆ ತಿಳಿಯಿತು. ಅವನ ಕೆನ್ನೆಯಿಂದ ಗದ್ದದವರೆಗೆ ಸೀಳಿದೆ, ಹಲ್ಲು ಕಾಣಿಸಿದವು. ಮೂರನೆಯವನು ಮುಂದೆ ಬರಲಿಲ್ಲ. ಗುಂಪು ಎರಡು ಹೆಜ್ಜೆ ಹಿಂದೆ ಸರಿಯಿತು, ಜವರ ಮಾತ್ರ ಮುಂದೆ ಬಂದ.

ಅವನ ಅಂಗಿಯ ತುಂಬ ವಾಂತಿ, ರಕ್ತ. ಕೈಯಲ್ಲಿ ಮಚ್ಚು. "ದಾರಿ ಬುಡ್ಲಾ ಬೋರ."

"ಇಪ್ಪತ್ತು ನಿಮಿಷ ತಡಕೊ ಜವರ. ಪರದೆ ಮೇಲೆ ಬತ್ತದೆ. ಅದು ಚಲುವ ಅಲ್ಲ ಕಣೋ. ನಿನ್ನಾಣೆ."

"ಚೆನ್ನಾಗೈತೆ ಅಂದ್ನಲ್ಲೋ ನಾನು" ಎಂದ. ಅಳುತ್ತಿದ್ದ. "ಎರಡ್ ಸಲ ಬಡಿಸ್ಕೊಂಡ್ನಲ್ಲೋ."

ಮಚ್ಚು ಬೀಸಿದ. ನನ್ನ ಎಡಭುಜದ ಮೇಲೆ ಬಿತ್ತು, ತೋಳು ಜೋತುಬಿತ್ತು. ಅವನು ಎರಡನೆಯ ಏಟಿಗೆ ಕೈ ಎತ್ತಿದಾಗ ಕಂಕುಳು ತೆರೆದುಕೊಂಡಿತು. ಕೊಲ್ಲಬೇಕೆಂದು ನಾನು ಎಣಿಸಲಿಲ್ಲ. ಅವನ ಕೈಯಿಂದ ಮಚ್ಚು ಬೀಳಲಿ ಎಂದಷ್ಟೇ ಕತ್ತಿ ಹಾಕಿದೆ. ಕೈ ತನಗೆ ಗೊತ್ತಿದ್ದ ಕೆಲಸ ಮಾಡಿತು. ಕತ್ತಿ ಒಳಗಿಳಿದು ಮೂಳೆ ಹುಡುಕಿತು. ಮೂಳೆ ಇರಬೇಕಾದ ಕಡೆ ಮೂಳೆ ಇತ್ತು. ಅದರ ಗುಂಟ ಎಳೆಯಿತು, ಒಂದು ಚೂರೂ ಜಾರಲಿಲ್ಲ. ತೋಳಿನ ದೊಡ್ಡ ರಕ್ತನಾಳ ಕಡಿದು ರಕ್ತ ನನ್ನ ಮುಖಕ್ಕೆ ಹೊಡೆಯಿತು.

ಜವರ ಕೂತ. ನಾನೂ ಅವನ ಜೊತೆಯಲ್ಲೇ ಕೂತೆ. ಮಚ್ಚುಗಳು ಗಾಳಿಯಲ್ಲೇ ನಿಂತವು. ಕಂಕುಳಿಗೆ ಅಂಗೈ ಒತ್ತಿ ಹಿಡಿದೆ. ಬೆರಳಸಂದಿಯಿಂದ ಬಿಸಿಬಿಸಿಯಾಗಿ ಬರುತ್ತಲೇ ಇತ್ತು. ಕುರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನನಗೆ ಗೊತ್ತಿತ್ತು, ಮನುಷ್ಯನಿಗೂ ಹೆಚ್ಚುಕಮ್ಮಿ ಅಷ್ಟೇ.

ಆಗ ಪರದೆ ಬೆಳಗಿತು. ದೊಡ್ಡ ಅಕ್ಷರದಲ್ಲಿ ಬಂತು. ಮೇಷ್ಟ್ರು ಗುಂಪಿನ ಹಿಂದಿನಿಂದ ಮೆಲ್ಲಗೆ ಓದಲು ಶುರುಮಾಡಿ ನಡುವೆ ನಿಲ್ಲಿಸಿದರು. ಜವರನಿಗೆ ಓದು ಬರುತ್ತಿರಲಿಲ್ಲ.

"ಏನಂತ ಬರ್ದವ್ರೆ?" ಎಂದು ನನ್ನನ್ನೇ ಕೇಳಿದ.

"ಬಾಡೆಲ್ಲ ಟಗರಿಂದೇ ಅಂತೆ. ರಕ್ತ ಒಬ್ಬಂದೇ ಅಂತೆ. ಬೋರಯ್ಯಂದು."

"ಚಲುವ ಅಲ್ವಾ?"

"ಅಲ್ಲ ಕಣ್ಲಾ. ನಂದು."

"ಸದ್ಯ" ಎಂದ. ಆಮೇಲೆ ಮಾತಾಡಲಿಲ್ಲ.

ಹತ್ತು ವರ್ಷ ಶಿಕ್ಷೆಯಾಯಿತು. ಆರು ಕಳೆದಿವೆ. ಮುನಿವೆಂಕಟ ಊರುಗೋಲು ಹಿಡಿದು ನಡೆಯುತ್ತಾನಂತೆ. ಸಾಕ್ಷಿ ಹೇಳಲು ಬಂದವನು ನನ್ನ ಮುಖ ನೋಡಲಿಲ್ಲ. ಸಾಕಮ್ಮ ವರ್ಷಕ್ಕೊಂದು ಸಲ ಬಂದು ಮಾತಾಡದೆ ಕೂತು ಹೋಗುತ್ತಾಳೆ. ಊರಿನಲ್ಲಿ ಈಗ ಎಲ್ಲರೂ ತೊಟ್ಟಿಬಾಡು ತಿನ್ನುತ್ತಾರೆ. ಒಬ್ಬ ಸತ್ತು ರುಜುವಾತಾದ ಮೇಲೆ ಅನುಮಾನ ಯಾಕೆ ಎನ್ನುತ್ತಾರಂತೆ. ಪ್ರಶ್ನೆಪಟ್ಟಿಯಲ್ಲಿ 'ಎಂದಿಗೂ ಇಲ್ಲ' ಎಂಬ ಕಲಮನ್ನೇ ತೆಗೆದಿದ್ದಾರೆ ಎಂದು ಸಿಂಚನ ಹೇಳಿದಳು.

ಮೊನ್ನೆ ಹೊಸತೊಡಕಿಗೆ ಅವಳೇ ಬಂದಿದ್ದಳು. ಸ್ಟೀಲ್ ಡಬ್ಬಿ ನನ್ನ ಮುಂದಿಟ್ಟು, ಚಿಕ್ಕವಳಾಗಿದ್ದಾಗ ಶಾಲೆಯ ಬಹುಮಾನ ತೋರಿಸುತ್ತಿದ್ದಳಲ್ಲ, ಹಾಗೆ ನನ್ನ ಮುಖ ನೋಡಿದಳು. "ಮೂರ್ ವರ್ಸ ಒದ್ದಾಡಿದ್ವಿ ಮಾವ. ಇನ್ಮೇಲೆ ಯಾರ್ ಕತ್ತೀನೂ ಜಾರಲ್ಲ. ತಗ್ದು ನೋಡು."

ಮುಚ್ಚಳ ತೆಗೆದೆ. ಅಚ್ಚುಕಟ್ಟಾದ ಸಾರು, ಕೊತ್ತಂಬರಿ ಸೊಪ್ಪಿನ ಘಮ, ನಡುವೆ ತೊಡೆಯ ತುಂಡು. ತುಂಡಿನ ಮಧ್ಯೆ ಬೆಳ್ಳಗೆ, ದುಂಡಗೆ, ಮಜ್ಜೆ ತುಂಬಿದ ಮೂಳೆ. ತೊಟ್ಟಿಯಲ್ಲಿ ಬೆಳೆದದ್ದು. ನನ್ನ ಬಲಗೈ ತಾನಾಗಿ ಮಡಚಿಕೊಂಡಿತು. ಅಂಗೈಯಲ್ಲಿ ಜವರನ ತೋಳಿನ ಬಿಸಿ ಇನ್ನೂ ಇತ್ತು.

"ಯಾಕ್ ಮಾವ? ತಿನ್ನಲ್ವಾ?"

"ಇಲ್ಲ ಮಗ" ಎಂದು ಡಬ್ಬಿ ಮುಚ್ಚಿ ಅವಳ ಕಡೆ ಸರಿಸಿದೆ. "ಮುಂದಿನ ಸಲ ಮೂಳೆ ಇಲ್ದಿರೋದನ್ನೇ ತತ್ತಾ."